ಬಳ್ಳಾರಿ ಬಿಸಿಲಲ್ಲಿ ಕೋಲ್ಡ್ ಸ್ಟಾರ್ಟ್: ಬೆಳಗ್ಗೆ ಆಫ್ ಆಗುವ ಗಾಡಿಯ ಟಿಪ್ಪಣಿ

ಈ ವಾರ ಮೂರು ದಿನ ಒಂದೇ ಕಾರಿನ ಹಿಂದೆ ಬಿದ್ದಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಓದುತ್ತಾ, ನನ್ನ ಹಾಗೆ ಸಂಜೆ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವವರಿಗೆ ಇದು. ಪ್ಲಗ್ ಬಿಚ್ಚುವುದು, ಫಿಲ್ಟರ್ ಊದುವುದು ನಿಮಗೆ ಬರುತ್ತದೆ, ಅದನ್ನು ಬಿಟ್ಟಿದ್ದೇನೆ.

ಗಾಡಿ ಕುರುಗೋಡಿನ ಒಬ್ಬ ಮೇಷ್ಟ್ರದ್ದು. ಬಿಎಸ್ 4 ಹೊಗೆ ನಿಯಮದ ಕಾಲದ ಪೆಟ್ರೋಲ್ ಕಾರು. ಬೆಳಗ್ಗೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಎರಡು ಸೆಕೆಂಡ್ ನಿಂತು ಆಫ್. ಮತ್ತೆ ಹೊಡೆದರೆ ಗಡಗಡ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿ ಹಿಡಿದರೆ ಮಾತ್ರ ಉಸಿರಾಡುತ್ತದೆ. ಐದಾರು ನಿಮಿಷ ಕಳೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ. ಬೇರೆ ಕಡೆ ಆಗಲೇ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಪಂಪ್ ಮೂರೂ ಬದಲಾಗಿದ್ದವು. ಚೆಕ್ ಎಂಜಿನ್ ಲೈಟ್ ಉರಿಯುತ್ತಿರಲಿಲ್ಲ.

ಇದು ಕೋಲ್ಡ್ ಸ್ಟಾರ್ಟ್, ಅಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗಿನ ತೊಂದರೆ ಅಂದೆವು. ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ: "ಯುಗಾದಿ ಹತ್ರ ಬಂತು, ಮುಂಜಾನೆನೇ ಬೆವರು ಬರ್ತೈತಿ. ಇಂಥದ್ರಾಗ ಗಾಡಿಗೆ ಎಲ್ಲಿ ಥಂಡಿ ಹತ್ತೈತಪ್ಪಾ?"

ಎಷ್ಟಿದ್ದರೆ ತಣ್ಣಗೆ?

ನನಗೂ ಮೊದಲು ಇದೇ ಗೊಂದಲ. ಕೋಲ್ಡ್ ಸ್ಟಾರ್ಟ್ ಅಂದರೆ ಹಿಮ ಬೀಳುವ ಊರಿನ ತೊಂದರೆ ಅಂದುಕೊಂಡಿದ್ದೆ. ಎಂಜಿನ್ ಕೆಲಸ ಮಾಡುವ ಬಿಸಿ 85ರಿಂದ 95 ಡಿಗ್ರಿ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ 26 ಡಿಗ್ರಿಯಲ್ಲಿದ್ದರೆ ಅದಕ್ಕೆ ಇನ್ನೂ 60 ಡಿಗ್ರಿ ಏರಬೇಕು. ನಮಗೆ ಸೆಕೆ, ಎಂಜಿನ್‌ಗೆ ಅದು ಚಳಿಯೇ. ಮೇ ತಿಂಗಳಲ್ಲೂ ಬೆಳಗಿನ ಮೊದಲ ಸ್ಟಾರ್ಟ್ ಕೋಲ್ಡ್ ಸ್ಟಾರ್ಟೇ.

ತಣ್ಣಗಿದ್ದರೆ ಏನಾಗುತ್ತದೆ? ಕಾದ ರೊಟ್ಟಿ ಹಂಚಿನ ಮೇಲೆ ನೀರು ಚಿಮುಕಿಸಿದರೆ ಚುಯ್ ಅಂತ ಆವಿಯಾಗುತ್ತದೆ. ತಣ್ಣನೆ ಹಂಚಿನ ಮೇಲೆ ಹನಿ ಹಾಗೇ ಕೂರುತ್ತದೆ. ಪೆಟ್ರೋಲ್ ಕಥೆಯೂ ಅಷ್ಟೇ. ಆವಿ ಮಾತ್ರ ಉರಿಯುತ್ತದೆ, ಹನಿ ಉರಿಯುವುದಿಲ್ಲ. ತಣ್ಣನೆ ಎಂಜಿನ್‌ನಲ್ಲಿ ಇಂಜೆಕ್ಟರ್ ಬಿಟ್ಟ ಪೆಟ್ರೋಲಿನ ಒಂದು ಪಾಲು ಗಾಳಿ ಒಳಬರುವ ಇನ್‌ಟೇಕ್ ಗೋಡೆಗೆ ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿರುವ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂಬ ಲೆಕ್ಕದಲ್ಲೇ ಕೊಟ್ಟರೆ ಸಿಲಿಂಡರಿಗೆ ಸಿಗುವುದು ಕಡಿಮೆ. ಅದಕ್ಕೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಗಾಳಿಯನ್ನೂ ಜಾಸ್ತಿ ಬಿಟ್ಟು ಆರ್‌ಪಿಎಂ 1200, 1300ರ ಹತ್ತಿರ ಇಡುತ್ತದೆ. ಬಿಸಿಯಾದ ಹಾಗೆ 800ರ ಆಸುಪಾಸಿಗೆ ಇಳಿಸುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಚೋಕ್ ಎಳೆಯುತ್ತಿದ್ದರಲ್ವಾ, ಆ ಕೆಲಸವನ್ನು ಈಗ ಇಸಿಯು ಮಾಡುತ್ತದೆ.

ಎಂಜಿನ್ ತಣ್ಣಗಿದೆ ಅಂತ ಇಸಿಯುಗೆ ಹೇಳುವವರು ಯಾರು? ಎಂಜಿನ್ ತಂಪಾಗಿಡುವ ದ್ರವದ (ಕೂಲಂಟ್) ಬಿಸಿ ಅಳೆಯುವ ಕೂಲಂಟ್ ಟೆಂಪರೇಚರ್ ಸೆನ್ಸರ್. ಅದು ತಪ್ಪು ಹೇಳಿದರೆ ಚೋಕ್ ಎಳೆಯದೆ ಸ್ಟಾರ್ಟ್ ಮಾಡಿದ ಹಾಗೆ. ನಮ್ಮ ಉಸ್ತಾದ್ ಹೇಳಿದ ಒಂದೇ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ: "ಪಾನಾ ಹಿಡಿಯೋಕ್ಕಿಂತ ಮೊದ್ಲು, ಗಾಡಿಗೆ ಎಷ್ಟು ಬಿಸಿ ಅನ್ನಿಸ್ತೈತೋ ಕೇಳು."

ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ

ಇದು ನನಗೆ ತುಂಬ ಇಷ್ಟವಾದ ಪರೀಕ್ಷೆ. ಗಾಡಿ ಕನಿಷ್ಠ ಎಂಟು ಗಂಟೆ ನೆರಳಲ್ಲಿ ನಿಂತಿರಬೇಕು. ಬೆಳಗ್ಗೆ, ಇಸಿಯು ಅಂಕಿಗಳನ್ನು ಓದಲು ಗಾಡಿಯಲ್ಲಿರುವ ಓಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಿ. ಫೋನಿಗೆ ಸೇರಿಸುವ ಚಿಕ್ಕ ಬ್ಲೂಟೂತ್ ಡಾಂಗಲ್ ಇದ್ದರೂ ಸಾಕು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಎರಡು ಅಂಕಿ ನೋಡಿ: ಕೂಲಂಟ್ ಬಿಸಿ ಎಷ್ಟು, ಇನ್‌ಟೇಕ್ ಗಾಳಿಯ ಬಿಸಿ ಎಷ್ಟು.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹೊರಗಿನ ಗಾಳಿಯಷ್ಟೇ ಇರಬೇಕು. ಎರಡು ಮೂರು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಮೇಷ್ಟ್ರ ಗಾಡಿಯಲ್ಲಿ ಇನ್‌ಟೇಕ್ ಗಾಳಿ 27 ತೋರಿಸಿತು. ಕೂಲಂಟ್ 61.

ರೇಡಿಯೇಟರ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಇಸಿಯು ಮಾತ್ರ ಎಂಜಿನ್ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿದೆ ಅಂತ ನಂಬಿಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತಿತ್ತು.

ಹಾಗಾದರೆ ಇಸಿಯು ದೋಷ ಕಂಡಾಗ ಕೊಡುವ ಕೋಡ್ ಯಾಕೆ ಬರಲಿಲ್ಲ? ಇಲ್ಲಿ ನಾನು ಅರ್ಧ ದಿನ ಕಳೆದೆ. ಕೋಡ್ ಇಲ್ಲ ಅಂದರೆ ಸೆನ್ಸರ್ ಸರಿಯಿದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಅದು ತಪ್ಪು. ವೈರ್ ಕಡಿದರೆ ಪಿ 0118 ಬರುತ್ತದೆ, ಶಾರ್ಟ್ ಆದರೆ ಪಿ 0117. ಅಂದರೆ ಅಂಕಿ ಎರಡು ತುದಿಗೆ ಹೋದಾಗ ಇಸಿಯು ಕೂಗುತ್ತದೆ. 61 ಡಿಗ್ರಿ ನಂಬಬಹುದಾದ ಅಂಕಿ. ಈಗಷ್ಟೇ ಓಡಿ ನಿಂತ ಗಾಡಿಯಲ್ಲಿ 61 ಇರುವುದು ಸಹಜವೇ. ಇನ್‌ಟೇಕ್ ಗಾಳಿಯ ಜೊತೆ ಹೋಲಿಸಿ ಅನುಮಾನ ಪಡುವ ಜಾಣತನ ಎಲ್ಲ ಗಾಡಿಗಳಿಗೂ ಇರುವುದಿಲ್ಲ. ಆ ಹೋಲಿಕೆ ನಾವು ಮಾಡಬೇಕು.

ಇನ್ನೊಂದು. ಕೆಲವು ಹಳೆ ಗಾಡಿಗಳಲ್ಲಿ ಮೀಟರ್ ಮುಳ್ಳಿಗೆ ಒಂದು ಸೆನ್ಸರ್, ಇಸಿಯುಗೆ ಬೇರೆ ಸೆನ್ಸರ್. ಮುಳ್ಳು ಸರಿ ತೋರಿಸುತ್ತದೆ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ಉಲ್ಟಾ ಸೆನ್ಸರ್

ನಾನು ಎಡವಿದ್ದು ಇಲ್ಲೇ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ. ಈ ಸೆನ್ಸರ್ ಒಳಗೆ ಇರುವುದು ಎನ್‌ಟಿಸಿ ಥರ್ಮಿಸ್ಟರ್. ಬಿಸಿ ಏರಿದರೆ ಇದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ. ತರಗತಿಯಲ್ಲಿ ತಾಮ್ರದ ತಂತಿ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ ಅಂತ ಓದಿದ್ದೇವೆ. ಆ ಪಾಠ ತಲೆಯಲ್ಲಿಟ್ಟುಕೊಂಡು ಮಲ್ಟಿಮೀಟರ್ ಹಿಡಿದರೆ ಎಲ್ಲ ತಿರುಗುಮುರುಗು.

ತುಪ್ಪ ನೆನಪಿಟ್ಟುಕೊಳ್ಳಿ. ತಣ್ಣಗಿದ್ದಾಗ ಗಟ್ಟಿ, ಹರಿಯುವುದಿಲ್ಲ. ಬಿಸಿ ಮಾಡಿದರೆ ತೆಳ್ಳಗಾಗಿ ಹರಿಯುತ್ತದೆ. ಎನ್‌ಟಿಸಿಯಲ್ಲಿ ಕರೆಂಟ್ ಹೀಗೇ ಹರಿಯುತ್ತದೆ. ತಣ್ಣಗಿದ್ದರೆ ತಡೆ ಜಾಸ್ತಿ, ಬಿಸಿಯಾದರೆ ತಡೆ ಕಡಿಮೆ. ಈ ತುಪ್ಪ ಸಿಕ್ಕ ಮೇಲೆ ನನಗೆ ಒಮ್ಮೆಯೂ ಉಲ್ಟಾ ಆಗಿಲ್ಲ.

ಬಹಳಷ್ಟು ಕಾರುಗಳ ಸೆನ್ಸರ್ ಹೆಚ್ಚುಕಮ್ಮಿ ಹೀಗಿರುತ್ತದೆ: 20 ಡಿಗ್ರಿಯಲ್ಲಿ 2500 ಓಮ್, 40ರಲ್ಲಿ 1170, 60ರಲ್ಲಿ 600, 80ರಲ್ಲಿ 320, 100ರಲ್ಲಿ 190. ನಿಮ್ಮ ಗಾಡಿಯ ಸರಿಯಾದ ಅಂಕಿಗೆ ಅದರ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಇಳಿಯುವ ರೀತಿ ಗಮನಿಸಿ. ತಣ್ಣನೆ ಕಡೆ ದೊಡ್ಡ ಹೆಜ್ಜೆ, ಬಿಸಿ ಕಡೆ ಸಣ್ಣ ಹೆಜ್ಜೆ.

ಸೆನ್ಸರಿಗೆ ವೈರ್ ಜೋಡಿಸುವ ಕಪ್ಲರ್ ಕಿತ್ತೆ. ಸೆನ್ಸರಿನ ಎರಡು ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು, ಬೆರಳಿಗೆ ಜಿಗುಟಾದ ಹಸಿ ಹತ್ತಿತು. ಸೆನ್ಸರ್ ಒಳಗಿಂದಲೇ ಕೂಲಂಟ್ ಪಿನ್ ತನಕ ಜಿನುಗಿತ್ತು. ಮಲ್ಟಿಮೀಟರ್ ಇಟ್ಟರೆ 590 ಓಮ್. ಆ ಬಿಸಿಗೆ 1900ರ ಹತ್ತಿರ ಇರಬೇಕಿತ್ತು.

ಈಗ ನಿಜವಾದ ಪ್ರಶ್ನೆ. ಸೆನ್ಸರ್ ಕೆಟ್ಟಿದ್ದರೆ ಯಾವಾಗಲೂ ತೊಂದರೆ ಕೊಡಬೇಕಲ್ವಾ? ತಣ್ಣಗಿದ್ದಾಗ ಮಾತ್ರ ಯಾಕೆ? ಇದಕ್ಕೆ ಉತ್ತರ ಓಮ್ ಲೆಕ್ಕದಲ್ಲೇ ಇದೆ, ಪೆನ್ನು ಹಿಡಿದು ಮಾಡಿ ನೋಡಿ.

ಜಿನುಗಿದ ಕೂಲಂಟ್ ಎರಡು ಪಿನ್ನುಗಳ ನಡುವೆ ಕಳ್ಳದಾರಿ ಮಾಡಿಕೊಟ್ಟಿದೆ. ಆ ದಾರಿಯ ತಡೆ 1000 ಓಮ್ ಅಂದುಕೊಳ್ಳಿ. ಅದು ಥರ್ಮಿಸ್ಟರ್ ಜೊತೆ ಪ್ಯಾರಲಲ್, ಅಂದರೆ ಕರೆಂಟಿಗೆ ಪಕ್ಕಪಕ್ಕದಲ್ಲಿ ಎರಡು ದಾರಿ. 20 ಡಿಗ್ರಿಯಲ್ಲಿ 2500 ಮತ್ತು 1000 ಪ್ಯಾರಲಲ್ ಆದರೆ ಸುಮಾರು 714 ಓಮ್. ಇಸಿಯುಗೆ ಅದು 55 ಡಿಗ್ರಿ ಆಗಿ ಕಾಣುತ್ತದೆ. 35 ಡಿಗ್ರಿ ತಪ್ಪು. 80 ಡಿಗ್ರಿಯಲ್ಲಿ 320 ಮತ್ತು 1000 ಪ್ಯಾರಲಲ್ ಆದರೆ 242 ಓಮ್, ಅಂದರೆ 90 ಡಿಗ್ರಿ. ಬರೀ 10 ಡಿಗ್ರಿ ತಪ್ಪು. ಬಿಸಿಯಾದ ಎಂಜಿನ್‌ಗೆ 80 ಆದರೇನು, 90 ಆದರೇನು, ಪೆಟ್ರೋಲ್ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಮುಖ್ಯ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಇದ್ದರೆ ಎಲ್ಲರೂ ಸಂದಿಗೊಂದಿಗೆ ನುಗ್ಗುತ್ತಾರೆ, ರಸ್ತೆ ಖಾಲಿ ಇದ್ದರೆ ಸಂದಿಗೆ ಯಾರೂ ಹೋಗಲ್ಲ. ಅದೇ ತರ್ಕ. ಇದು ಅರ್ಥವಾದ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ವೈರಿನ ಮೇಲೆ ಅನುಮಾನ ಇದ್ದರೆ: ಕಪ್ಲರ್ ಕಿತ್ತಾಗ ಹಲವು ಗಾಡಿಗಳ ಸ್ಕ್ಯಾನರಿನಲ್ಲಿ ಮೈನಸ್ 40 ಬರುತ್ತದೆ. ಕಪ್ಲರಿನ ಎರಡು ಪಿನ್ ವೈರಿನಿಂದ ಸೇರಿಸಿದರೆ 130 ದಾಟುತ್ತದೆ. ಎರಡೂ ಬಂದರೆ ವೈರ್ ಚೆನ್ನಾಗಿದೆ, ತಪ್ಪು ಸೆನ್ಸರಿನದು. ಕಪ್ಲರ್ ಕಿತ್ತಾಗ ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನ್ ತಾನೇ ತಿರುಗುತ್ತದೆ, ಕೈ ದೂರ ಇಡಿ.

ಟ್ರಿಮ್ ಸೊನ್ನೆ ಇದ್ದರೆ ನಂಬಬೇಡಿ

ಸ್ಟಾರ್ಟ್ ಆದ ತಕ್ಷಣ ನಾನು ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಲೆಕ್ಕವನ್ನು ಇಸಿಯು ಆ ಕ್ಷಣ ಎಷ್ಟು ತಿದ್ದುತ್ತಿದೆ ಎಂಬ ಅಂಕಿ) ನೋಡಿದ್ದೆ. ಸೊನ್ನೆ. ಮಿಶ್ರಣ ಸರಿಯಿದೆ ಅಂದುಕೊಂಡೆ. ಅದು ತಪ್ಪು. ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಮಿಶ್ರಣ ಹೇಗಿದೆ ಅಂತ ತಿಳಿಸುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ದಾಟುವ ತನಕ ಕೆಲಸ ಮಾಡುವುದಿಲ್ಲ. ಅಲ್ಲಿಯವರೆಗೆ ಇಸಿಯು ಓಪನ್ ಲೂಪ್‌ನಲ್ಲಿ, ಬರೀ ಬಾಯಿಪಾಠದ ಲೆಕ್ಕದಲ್ಲಿ ಪೆಟ್ರೋಲ್ ಕೊಡುತ್ತದೆ. ಯಾರೂ ತಿದ್ದುತ್ತಿಲ್ಲ, ಅದಕ್ಕೆ ಟ್ರಿಮ್ ಸೊನ್ನೆ. ಕ್ಲೋಸ್ಡ್ ಲೂಪ್ (ಆಕ್ಸಿಜನ್ ಸೆನ್ಸರ್ ನೋಡಿ ತಿದ್ದುವ ಸ್ಥಿತಿ) ಅಂತ ಸ್ಕ್ಯಾನರ್ ಹೇಳಿದ ಮೇಲೆ ಮಾತ್ರ ಆ ಅಂಕಿಗೆ ಅರ್ಥ ಇದೆ. ಬಿಸಿಯಾದ ಮೇಲೆ ಗಾಡಿ ಸರಿಹೋಗುವುದಕ್ಕೆ ಇದೂ ಒಂದು ಕಾರಣ. ಸಣ್ಣಪುಟ್ಟ ತಪ್ಪನ್ನು ಆಕ್ಸಿಜನ್ ಸೆನ್ಸರ್ ತಿದ್ದಿ ಮುಚ್ಚುತ್ತದೆ.

ಉಳಿದವು, ಬೇಗ ಬೇಗ

ಕೂಲಂಟ್ ಅಂಕಿ ಸರಿ ಬಂದರೆ ಮುಂದೆ ನೋಡಬೇಕಾದ್ದು ಎಂಜಿನ್ ಒಳಗೆ ಗಾಳಿ ಬಿಡುವ ಥ್ರಾಟಲ್ ಬಾಡಿ. ಚಿಟ್ಟೆ ವಾಲ್ವ್ ಅಂಚಿಗೆ ಕಾರ್ಬನ್ ಕಟ್ಟಿದರೆ ತಣ್ಣಗಿದ್ದಾಗ ಬೇಕಾದ ಹೆಚ್ಚಿನ ಗಾಳಿ ಸಿಗುವುದಿಲ್ಲ. ಸಂಡೂರು ರಸ್ತೆಯ ಕೆಂಪು ಧೂಳಿನಲ್ಲಿ ಓಡುವ ಗಾಡಿಗಳಲ್ಲಿ ಏರ್ ಫಿಲ್ಟರ್ ಡಬ್ಬದ ಕ್ಲಿಪ್ ಸಡಿಲ ಇದ್ದರೆ ಧೂಳು ಇಲ್ಲಿಯವರೆಗೂ ಬರುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇರುವಾಗ ಬೆರಳು ಹಾಕಲೇಬೇಡಿ. ಕ್ಲೀನ್ ಮಾಡಿದ ಮೇಲೆ ಐಡ್ಲಿಂಗ್ ಮತ್ತೆ ಕಲಿಸಬೇಕಾಗಬಹುದು.

ಏರ್ ಎಳೆಯುವುದು, ಅಂದರೆ ಬಿರುಕಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಬರುವುದು. ನೋಡಬೇಕಾದ ಜಾಗ: ಬ್ರೇಕ್ ಬೂಸ್ಟರ್ ಹೋಸ್, ಎಂಜಿನ್ ಒಳಗಿನ ಆವಿ ಎಳೆಯುವ ಪಿಸಿವಿ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ನಮ್ಮ ಕಡೆ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ತಣ್ಣಗಿದ್ದಾಗ ಬಿರುಕು ಬಿಟ್ಟು, ಬಿಸಿಗೆ ಸ್ವಲ್ಪ ಹಿಗ್ಗಿ ಮುಚ್ಚಿಕೊಳ್ಳುವುದೂ ಉಂಟು. ಒಂದು ಮಾರು ಪೈಪ್ ಕಿವಿಗೆ ಹಿಡಿದು ಇನ್ನೊಂದು ತುದಿ ಹೋಸ್ ಉದ್ದಕ್ಕೂ ಆಡಿಸಿ, ಸುಯ್ ಅನ್ನುವ ಜಾಗ ಸಿಗುತ್ತದೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವುದನ್ನು ನೋಡಿದ್ದೇನೆ. ಬಿಸಿ ಸೈಲೆನ್ಸರ್ ಪಕ್ಕ ಅದು ಬೆಂಕಿ, ಬೇಡ.

ಪೆಟ್ರೋಲ್ ಪ್ರೆಶರ್ ರಾತ್ರಿ ಇಳಿದುಹೋಗುತ್ತಿದೆಯಾ ಅಂತ ನೋಡಲು ಖರ್ಚಿಲ್ಲದ ದಾರಿ: ಕೀ ಆನ್ ಮಾಡಿ ಪಂಪಿನ ಗುಂಯ್ ಸದ್ದು ನಿಲ್ಲುವ ತನಕ ಎರಡು ಸೆಕೆಂಡ್ ಕಾಯಿರಿ, ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ಚೆನ್ನಾಗಿ ಸ್ಟಾರ್ಟ್ ಆದರೆ ಪ್ರೆಶರ್ ಕಡೆ ನೋಡಿ. ಮಿಸ್ಸಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಒಂದೇ ಸಿಲಿಂಡರಿನದಾದರೆ ಪ್ಲಗ್, ಕಾಯಿಲ್, ಇಂಜೆಕ್ಟರ್. ನಾಲ್ಕೂ ಸೇರಿ ನಡುಗಿದರೆ ಮೇಲಿನವು.

ಸೆನ್ಸರ್ ಹಾಕಿದ ಮೇಲೆ

ಹೊಸ ಸೆನ್ಸರ್ ಹಾಕಿ, ಕಪ್ಲರ್ ಕಿಲುಬು ತೆಗೆದು, ಗಾಡಿಯನ್ನು ರಾತ್ರಿ ಶೆಡ್ಡಿನಲ್ಲೇ ಬಿಟ್ಟೆವು. ಬೆಳಗ್ಗೆ ಆರೂವರೆಗೆ ಎರಡೂ ಅಂಕಿ 26. ಮೊದಲ ಸೆಲ್ಫಿಗೆ ಸ್ಟಾರ್ಟ್, ಆರ್‌ಪಿಎಂ 1300ಕ್ಕೆ ಹೋಗಿ ನಿಂತು ಮೆಲ್ಲಗೆ ಇಳಿಯಿತು. ಮೇಷ್ಟ್ರಿಗೆ ಫೋನ್ ಮಾಡಲು ಹೊರಟೆ, ಉಸ್ತಾದ್ ತಡೆದರು. "ತಡಿ, ಸಿರುಗುಪ್ಪ ರೋಡಿಗೆ ಹತ್ತು ಕಿಲೋಮೀಟರ್ ಓಡ್ಸಿ ಬಾ, ಅಂಕಿ ಎಲ್ಲಿ ನಿಲ್ತೈತಿ ನೋಡು."

70ರಲ್ಲಿ ನಿಂತಿತು. ಎಷ್ಟು ಓಡಿಸಿದರೂ ಮೇಲೆ ಹೋಗಲಿಲ್ಲ.

ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದರೆ, ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವೇ ಇಲ್ಲ. ಬೇಸಿಗೆಯಲ್ಲಿ ಹೀಟ್ ಆಗದಿರಲಿ ಅಂತ ಯಾರೋ ತೆಗೆದು ಎಸೆದಿದ್ದಾರೆ. ನಮ್ಮ ಕಡೆ ಇದನ್ನು ಬಹಳ ಜನ ಮಾಡುತ್ತಾರೆ. ವಾಲ್ವ್ ಇಲ್ಲದಿದ್ದರೆ ನೀರು ಮೊದಲಿನಿಂದಲೇ ರೇಡಿಯೇಟರ್ ಸುತ್ತುತ್ತದೆ, ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಸೆನ್ಸರ್ ಸರಿ ಇದ್ದರೆ ಅದನ್ನು ನೋಡಿ ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತಾ ಕೂರಬಹುದು. ಹಳೆ ಸೆನ್ಸರ್ ನಿಜವಾದ 70ನ್ನು 84 ಅಂತ ತೋರಿಸುತ್ತಿತ್ತು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಮೇಲಿನ ಪ್ಯಾರಲಲ್ ಲೆಕ್ಕವನ್ನು ಕಳ್ಳದಾರಿ 850 ಓಮ್ ಅಂತ ಇಟ್ಟು 27ಕ್ಕೂ 70ಕ್ಕೂ ಮಾಡಿ ನೋಡಿ, ಎರಡೂ ಅಂಕಿ ಕೂಡಿ ಬರುತ್ತವೆ. 70 ಡಿಗ್ರಿಗೆ 435 ಓಮ್ ಹಿಡಿಯಿರಿ.

ವಾಲ್ವ್ ತರಿಸಿ ಹಾಕಿ, ಬೋರ್ ನೀರು ಬೆರೆತ ಹಳೆ ಕೂಲಂಟ್ ಚೆಲ್ಲಿ ಹೊಸ ಕೂಲಂಟ್ ತುಂಬಿ, ಗಾಳಿ ಗುಳ್ಳೆ ತೆಗೆದು ಮತ್ತೆ ಅದೇ ರಸ್ತೆಗೆ ಹೋದೆ. ಅಂಕಿ 88ಕ್ಕೆ ಬಂದು ನಿಂತಿತು.