ಝೂಮ್ ಎಷ್ಟಿದೆ ಸರ್?

ಹೊಸ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಂಡವರು ಎರಡನೇ ತಿಂಗಳಿಗೆ ನನ್ನ ಹತ್ತಿರ ಬರುತ್ತಾರೆ. ಬ್ಯಾಗಿನಲ್ಲಿ ಕ್ಯಾಮೆರಾ ಬಾಡಿ, ಅದರ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್. ಈ ಎಂಎಂ ಸಂಖ್ಯೆಯೇ ಫೋಕಲ್ ಲೆಂಗ್ತ್, ಅದು ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಕೇಳುವುದು ಒಂದೇ: "ಕಡಿಮೆ ದುಡ್ಡಲ್ಲಿ ಜಾಸ್ತಿ ಝೂಮ್ ಆಗೋ ಲೆನ್ಸ್ ಯಾವುದು ಸರ್?" ನಾನು ಉತ್ತರ ಹೇಳುವ ಮೊದಲು ಅವರ ಮೆಮೊರಿ ಕಾರ್ಡ್ ಇಸಕೊಂಡು ನೋಡುತ್ತೇನೆ. ಮಗು, ಅಜ್ಜಿ, ಬೆಕ್ಕು, ಮತ್ತೆ ಮಗು. ಎಲ್ಲ ಮನೆಯೊಳಗೇ ತೆಗೆದದ್ದು, ಅರ್ಧಕ್ಕರ್ಧ ಅಲುಗಾಡಿದ್ದು. ಮೂರಡಿ ದೂರದಲ್ಲಿರುವ ಮಗುವಿಗೆ 300 ಎಂಎಂ ಯಾಕೆ, ಹೇಳಿ?

ಒಬ್ಬರು ನನ್ನನ್ನು ಕೇಳದೆ 75-300 ಕೊಂಡುಬಿಟ್ಟಿದ್ದರು. ಮಗಳ ನೃತ್ಯ ಇತ್ತು, ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ರಾಶಿ ಫೋಟೋ ತೆಗೆದಿದ್ದರು. ಒಂದರಲ್ಲೂ ಮುಖ ಇಲ್ಲ, ಬರೀ ಬಣ್ಣದ ಗೆರೆ. "ಕ್ಯಾಮೆರಾನೇ ಡಿಫೆಕ್ಟ್ ಸರ್" ಅಂದರು. ಫೈಲಿನ ಮಾಹಿತಿ ತೆರೆದೆ: 300 ಎಂಎಂ, ಎಫ್/5.6, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರ್ ತೆರೆದಿದ್ದು 1/20 ಸೆಕೆಂಡ್. ಕೈಯಲ್ಲಿ ಹಿಡಿದು 300 ಎಂಎಂ ತೆಗೆಯಲು ಕನಿಷ್ಠ 1/300 ಆದರೂ ಬೇಕು. ಕ್ಯಾಮೆರಾ ಪಾಪ ಸರಿಯಾಗೇ ಇತ್ತು.

ಈಗ ಅದೇ ಹಳೇ ಪಾಠ. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಒಂದು ಭಾಗಾಕಾರ. ಫೋಕಲ್ ಲೆಂಗ್ತನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಬರುವ ಕಿಂಡಿಯ ಅಗಲ ಸಿಗುತ್ತದೆ. 50 ಎಂಎಂ ಲೆನ್ಸಿನಲ್ಲಿ ಎಫ್/1.8 ಅಂದರೆ ಸುಮಾರು 28 ಮಿಲಿಮೀಟರ್ ಕಿಂಡಿ. ಎಫ್/5.6 ಅಂದರೆ ಬರೀ 9. ಬೆಳಕಿನ ಲೆಕ್ಕ ಕಿಂಡಿಯ ವಿಸ್ತೀರ್ಣದ್ದು, ಹಾಗಾಗಿ ವ್ಯತ್ಯಾಸ ಮೂರು ಪಟ್ಟಲ್ಲ, ಒಂಬತ್ತು ಪಟ್ಟಿಗೂ ಜಾಸ್ತಿ. 1/20 ಇದ್ದ ಶಟರ್ ಹತ್ತಿರ ಹತ್ತಿರ 1/200ಕ್ಕೆ ಹೋಗುತ್ತದೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವಾರ ಬಂದು "1.8ಕ್ಕಿಂತ 5.6 ದೊಡ್ಡದಲ್ವಾ ಸರ್?" ಅನ್ನುತ್ತಾರೆ. ಅಲ್ಲಪ್ಪಾ! ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡ ಹಾಗೆ ಅದು. ಪಾಲುದಾರರು ಹೆಚ್ಚಿದಷ್ಟೂ ಪಾಲು ಚಿಕ್ಕದು. ಕಿಟ್ ಲೆನ್ಸಿನ ಮೇಲೆ 3.5-5.6 ಅಂತ ಇರುವುದೂ ಇದೇ ಲೆಕ್ಕ. ಝೂಮ್ ತಿರುಗಿಸುತ್ತಾ ಹೋದಂತೆ ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ.

"ಸ್ಟೆಬಿಲೈಸೇಶನ್ ಇದೆಯಲ್ಲ ಸರ್?" ಇದೆ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ. ಓಡುವ ಮಗುವನ್ನು ತಡೆಯುವುದಿಲ್ಲ.

ಹಾಗಂತ ಎಲ್ಲರಿಗೂ ಝೂಮ್ ಇಲ್ಲದ 50 ಎಂಎಂ ಎಫ್/1.8 ಲೆನ್ಸ್ ಅಂತ ಕಣ್ಣುಮುಚ್ಚಿ ಹೇಳಲಾರೆ. ಮೊದಲೆಲ್ಲ ಹೇಳುತ್ತಿದ್ದೆ. ಅಗ್ಗ, ಹಗುರ, ಚಿತ್ರವೂ ಚೆನ್ನ. ಒಬ್ಬ ದಂಪತಿಗೆ ಕೊಡಿಸಿದ ಮೇಲೆ ಬುದ್ಧಿ ಬಂತು. ಅವರದು ಚಿಕ್ಕ ಕೋಣೆ. ತೊಟ್ಟಿಲು ಫ್ರೇಮಿನೊಳಗೆ ಬರಬೇಕಾದರೆ ಗೋಡೆಗೆ ಬೆನ್ನು ಒತ್ತಿ ನಿಲ್ಲಬೇಕು, ಆದರೂ ಕಾಲು ಭಾಗ ಹೊರಗೆ. ಹೊಸಬರು ಕೊಳ್ಳುವ ಬಾಡಿಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, 50 ಎಂಎಂ ಅಲ್ಲಿ 75-80 ಎಂಎಂನಂತೆ ನೋಡುತ್ತದೆ. ಒಬ್ಬರ ಮುಖಕ್ಕೆ ಸೊಗಸು, ಮನೆಮಂದಿಯ ಗುಂಪಿಗೆ ಇಕ್ಕಟ್ಟು. ಅಂಥವರಿಗೆ 35 ಎಂಎಂ ಹೆಚ್ಚು ಹೊಂದುತ್ತದೆ. ನಿಮಗೆ ಯಾವುದು ಅಂತ ಗೊತ್ತಿಲ್ವಾ? ಕಿಟ್ ಲೆನ್ಸನ್ನು ಒಂದು ವಾರ 35ರಲ್ಲಿ, ಇನ್ನೊಂದು ವಾರ 50ರಲ್ಲಿ ನಿಲ್ಲಿಸಿ. ರಿಂಗ್ ತಿರುಗದಂತೆ ಟೇಪ್ ಅಂಟಿಸಿದರೂ ಸರಿ. ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಹಕ್ಕಿ, ಕ್ರಿಕೆಟ್ ಅಂತ ಹಗಲು ಹೊತ್ತು ಬಯಲಲ್ಲೇ ಇರುವವರಾದರೆ 75-300ರಂಥ ಟೆಲಿ ಝೂಮನ್ನೇ ಕೊಳ್ಳಿ, ನನ್ನ ಜಗಳವಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ. ಅದಕ್ಕೆ ಎಎಫ್-ಎಸ್‌ನಂತೆ ಒಳಗೇ ಮೋಟರ್ ಇರುವ ಲೆನ್ಸೇ ಬೇಕು. ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ. "ಲೆನ್ಸ್ ಕೆಟ್ಟಿದೆ" ಅಂತ ನನ್ನ ಮೇಜಿನ ಮೇಲೆ ಬಂದ ಎಷ್ಟೋ ಲೆನ್ಸುಗಳ ಕಥೆ ಇಷ್ಟೇ.

ಆ ನೃತ್ಯದ ಅಪ್ಪನಿಗೆ ನನ್ನ 50 ಎಂಎಂ ಕೊಟ್ಟು, ಮುಂದಿನ ಸಲ ಎರಡನೇ ಸಾಲಿನಲ್ಲಿ ಕೂರಿ ಅಂದಿದ್ದೆ. ಅಲ್ಲಿಯವರೆಗೆ ತಡೆಯಲಿಲ್ಲ, ಅವತ್ತೇ ಮನೆಯಲ್ಲಿ ಮಗಳನ್ನು ಕೂರಿಸಿ ಹತ್ತಿರದಿಂದ ತೆಗೆದಿದ್ದಾರೆ. ಒಂದು ಮೀಟರ್ ದೂರದಲ್ಲಿ ಎಫ್/1.8 ಇಟ್ಟರೆ ಚೂಪಾಗಿ ಬರುವುದು ಸುಮಾರು ಮೂರು ಸೆಂಟಿಮೀಟರ್ ಆಳ ಮಾತ್ರ, ಕಿಂಡಿಯನ್ನು ಎಫ್/2.8ಕ್ಕೆ ಕಿರಿದು ಮಾಡಿ ಆಳ ಹೆಚ್ಚಿಸಿ ಅಂತ ಹೇಳುವುದನ್ನು ನಾನೇ ಮರೆತಿದ್ದೆ. ರಾತ್ರಿ ಫೋಟೋ ಕಳಿಸಿದರು. ರೆಪ್ಪೆಗೂದಲು ಎಣಿಸಬಹುದು, ಕಿವಿಯೋಲೆ ಮಂಜು ಮಂಜು. ಕೆಳಗೆ ಒಂದು ಸಾಲು: "ಈ ಲೆನ್ಸೂ ಡಿಫೆಕ್ಟಾ ಸರ್?"