ಗದ್ದೆ ಕೆಳಗೆ, ಬಾಣೆ ಮೇಲೆ: ಕೊಡಗಿನ ಜಮ್ಮಾ ಭೂಮಿಯ ಕಥೆ

ಕೊಡಗಿನಲ್ಲಿ ಅರಸರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯನ್ನು ಮೊದಲ ಸಲ ನೋಡುವವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಕಾಲಂ 9ರಲ್ಲಿ ಪಟ್ಟೆದಾರರ, ಅಂದರೆ ಭೂಮಿಯ ಪಟ್ಟೆ ಹಿಡಿದ ಹಿರಿಯರ ಹೆಸರಿರುತ್ತದೆ, ಆದರೆ ಅವರು ತೀರಿಕೊಂಡು ಎಷ್ಟೋ ಕಾಲವಾಗಿರುತ್ತದೆ. ಅವರ ಹಿಂದೆ ಒಕ್ಕದ, ಅಂದರೆ ಅದೇ ಮನೆತನದ ಇನ್ನಷ್ಟು ಹೆಸರುಗಳ ಸಾಲು. ಈಗ ತೋಟ ನೋಡಿಕೊಳ್ಳುತ್ತಿರುವವರ ಹೆಸರು ಆ ಸಾಲಿನಲ್ಲಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ, ಮಳೆಗೆ ಗುಡ್ಡ ಜರಿದು ಪರಿಹಾರದ ಅರ್ಜಿ ಹಾಕುವಾಗ ಈ ಸಾಲು ಕಾಲಿಗೆ ತೊಡಕುತ್ತದೆ.

ಇದನ್ನು ದಾಖಲೆಯ ಗೊಂದಲವೆಂದು ಬಿಡುವಂತಿಲ್ಲ. ಈ ಕಾಗದ ಹುಟ್ಟಿದ್ದೇ ನೆಲದ ಏರಿಳಿತದಿಂದ. ಪಶ್ಚಿಮಕ್ಕೆ ತಡಿಯಂಡಮೋಳ್ (1,748 ಮೀಟರ್), ಉತ್ತರಕ್ಕೆ ಪುಷ್ಪಗಿರಿ, ನಡುವೆ ತಲಕಾವೇರಿಯ ಬೆಟ್ಟಸಾಲು. ಈ ಬೆಟ್ಟಗಳ ಸಂದಿಯಲ್ಲಿ ನೀರು ಹರಿಯುವ ಕಡೆಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಗದ್ದೆಯ ಮೇಲಿನ ಇಳಿಜಾರಿನ ಕಾಡು ಬಾಣೆ. ಸೌದೆ, ಹಟ್ಟಿಗೆ ಹಾಸುವ ಸೊಪ್ಪು, ಮನೆಗೆ ಬೇಕಾದ ಮರ, ದನ ಮೇಯುವ ಜಾಗ ಎಲ್ಲವೂ ಅಲ್ಲಿಯೇ. ಇವೆರಡಕ್ಕೂ ಯಜಮಾನಿಕೆ ಒಕ್ಕದ ಮೂಲಮನೆಯಾದ ಐನ್‌ಮನೆಯದು. ಬಾಣೆಯಿಲ್ಲದೆ ಗದ್ದೆಗೆ ಗೊಬ್ಬರವಿಲ್ಲ, ಗದ್ದೆಯಿಲ್ಲದೆ ಬಾಣೆಗೆ ಒಡೆಯನಿಲ್ಲ.

ಕೊಡಗನ್ನಾಳಿದ ಹಾಲೇರಿ ಅರಸರು ಒಪ್ಪಿದ್ದು ಈ ಜೋಡಿಯನ್ನೇ. ಲಿಂಗರಾಜೇಂದ್ರನ ಕಾಲದಲ್ಲಿ (1811–20) ಭೂಮಿಯ ಲೆಕ್ಕ ಶಿಸ್ತಿಗೆ ಬಂತು. ಸಾಮಾನ್ಯ ಹಿಡುವಳಿಯಾದ ‘ಸಾಗು’ ಭೂಮಿಗೆ 100 ಭಟ್ಟಿಗೆ (ಭಟ್ಟಿ ಗದ್ದೆಯ ಅಳತೆ) 10 ರೂಪಾಯಿ ಕಂದಾಯವಾದರೆ ಜಮ್ಮಾ ಭೂಮಿಗೆ 5. ಅರ್ಧ ಕಂದಾಯ ಪುಕ್ಕಟೆ ಬರಲಿಲ್ಲ. ಅರಸ ಕರೆದಾಗ ಆಯುಧ ಹಿಡಿದು ಹೋಗಬೇಕು, ಕಾವಲು ಕಾಯಬೇಕು. ಪ್ರತಿಯಾಗಿ ಭೂಮಿ ವಂಶಪಾರಂಪರ್ಯ. ಆದರೆ ಅದನ್ನು ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ಪಟ್ಟೆ ಒಕ್ಕದ ಹಿರಿಯನ ಹೆಸರಲ್ಲಿದ್ದರೂ ಭೂಮಿ ಒಕ್ಕದ್ದು. ಜಮ್ಮಾ ಎಂದರೆ ಕೊಡವರದ್ದು ಮಾತ್ರ ಎಂಬ ಮಾತು ತಪ್ಪು; ಗೌಡರು, ಹೆಗ್ಗಡೆಯವರು, ಮಾಪಿಳ್ಳೆಯರಲ್ಲೂ ಜಮ್ಮಾ ಹಿಡುವಳಿದಾರರಿದ್ದರು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ತೆಗೆದುಕೊಂಡಿತು, ಜಮ್ಮಾ ಪದ್ಧತಿಯನ್ನು ಮುಟ್ಟಲಿಲ್ಲ. ಮುಟ್ಟದೆ ಬಿಟ್ಟದ್ದು ಔದಾರ್ಯದಿಂದ ಎಂದು ನನಗನಿಸುವುದಿಲ್ಲ. ಕೋವಿ ಹಿಡಿಯಬಲ್ಲ ಪಟ್ಟೆದಾರರು ಸರ್ಕಾರದ ಪರವಾಗಿರುವುದು ಆಳಲು ಅಗ್ಗ. 1861ರಲ್ಲಿ ಆಯುಧ ಕಾಯ್ದೆಯಿಂದಲೂ ವಿನಾಯಿತಿ ಸಿಕ್ಕಿತು. ಹಿಡುವಳಿಯ ನಿಯಮಗಳು 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್ನಿನಲ್ಲಿ ಕಾನೂನಾಗಿ ಕೂತವು.

ಅಷ್ಟರಲ್ಲಿ ಕಾಫಿ ಬಂದಾಗಿತ್ತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿ ಬಳಿ ತೋಟ ತೆರೆದ. ಕಾಫಿಗೆ ಬೇಕಾದದ್ದು ನೆರಳು, ಇಳಿಜಾರು, ಬಸಿದುಹೋಗುವ ಮಣ್ಣು. ಅಂದರೆ ಬಾಣೆಯೇ. ಗದ್ದೆಯ ಬಾಲದಂತಿದ್ದ ಬಾಣೆ ನೋಡನೋಡುತ್ತ ದುಡ್ಡಿನ ಬೆಳೆಯ ನೆಲವಾಯಿತು. ಇಂದು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು, ಅದರ ಮರಗಳಿಗೆ ಕರಿಮೆಣಸಿನ ಬಳ್ಳಿ ಬೇರೆ. ಗದ್ದೆಗಳ ಪಾಡು ತಿರುಗುಮುರುಗು: ನಾಟಿಗೆ ಆಳಿಲ್ಲ, ಆನೆ ಕಾಟ, ಎಷ್ಟೋ ಕಡೆ ಹುಲ್ಲು ಬೆಳೆದಿದೆ. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ಕೊಯ್ದು ‘ಪೊಲಿ ಪೊಲಿ ದೇವಾ’ ಎಂದು ಕೂಗಲು ಪಕ್ಕದವರ ಗದ್ದೆಗೆ ಹೋಗುವವರೂ ಇದ್ದಾರೆ.

ಕಾನೂನು ಮಾತ್ರ ಬಾಣೆಯನ್ನು ಗದ್ದೆಯ ಅನುಬಂಧವೆಂದೇ ನೋಡುತ್ತಿತ್ತು. ಅದರಲ್ಲೂ ಮರದ ಪ್ರಶ್ನೆ ವಿಪರೀತ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದರೆ ‘ರಿಡೀಮ್ಡ್’, ಕಟ್ಟಿಲ್ಲದಿದ್ದರೆ ‘ಅನ್‌ರಿಡೀಮ್ಡ್’. ಎರಡನೆಯದರಲ್ಲಿ ತಾನೇ ಕಾಪಾಡಿ ಬೆಳೆಸಿದ ಬೀಟೆ ಮರ ಬೆಳೆಗಾರನಿಗೆ ತನ್ನದಲ್ಲ. ಹಾಗಿರುವಾಗ ಸಸಿಯನ್ನು ಯಾರು ಮರವಾಗಲು ಬಿಡುತ್ತಾರೆ? ತೋಟಗಳಲ್ಲಿ ಸಿಲ್ವರ್ ಓಕ್ ತುಂಬಿಕೊಂಡಿದ್ದಕ್ಕೆ ಅದು ಬೇಗ ಬೆಳೆಯುವುದಷ್ಟೇ ಕಾರಣವಲ್ಲ.

1952ರಲ್ಲಿ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಕೊಡಗು ಎಂಬ ಪುಟ್ಟ ‘ಸಿ’ ದರ್ಜೆ ರಾಜ್ಯ 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತು. 1964ರ ಭೂಕಂದಾಯ ಕಾಯ್ದೆ ಬಯಲುಸೀಮೆಯ ರೈತನನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಒಬ್ಬ ಹಿಡುವಳಿದಾರ, ಒಂದು ಸರ್ವೆ ನಂಬರ್. ಒಕ್ಕ ಅದರೊಳಗೆ ಹಿಡಿಸಲಿಲ್ಲ. ಜಮ್ಮಾ ಬಾಣೆ ಹೊಂದಿದವರನ್ನೂ ಹಿಡುವಳಿದಾರರೆಂದು ಗುರುತಿಸಲು 2011ರಲ್ಲಿ ತಿದ್ದುಪಡಿ ಮಾಡಬೇಕಾಯಿತು. ಆಮೇಲೂ ಪಟ್ಟೆದಾರನ ಹೆಸರಿನ ಹಿಂದಿರುವವರನ್ನು ಬೇರೆಬೇರೆ ಮಾಡುವ ಕೆಲಸ ಸುಲಭವಾಗಲಿಲ್ಲ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೈನ್ಯದಲ್ಲಿ, ಮತ್ತೊಬ್ಬರು ವಿದೇಶದಲ್ಲಿ. ಎಲ್ಲರ ಸಹಿ ಒಟ್ಟುಗೂಡಬೇಕು. ಅದೇ ಜಮ್ಮಾದ ಜೊತೆ ಬಂದ ಕೋವಿ ವಿನಾಯಿತಿಯನ್ನು ಮಾತ್ರ ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಸಲೀಸಾಗಿ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು.

ಇಷ್ಟರಲ್ಲಿ ಒಂದು ಗುಂಪಿನ ಹೆಸರೇ ಬರಲಿಲ್ಲ. ಅರಸರ ಕಾಲದಲ್ಲಿ ಭೂಮಿಯ ಜೊತೆಗೇ ಸೇರಿದ ಆಳುಗಳಿದ್ದರು, ಅವರಿಗೂ ‘ಜಮ್ಮದ ಆಳು’ ಎಂದೇ ಹೆಸರು. ಕೆಲವರು ನೆಲಕ್ಕೆ ಅಂಟಿಕೊಂಡವರು, ಕೆಲವರನ್ನು ಮಾರಬಹುದಿತ್ತು, ಅಡವಿಡಬಹುದಿತ್ತು. ಗದ್ದೆ ಉತ್ತದ್ದು, ಬಾಣೆ ಕಡಿದು ಕಾಫಿ ನೆಟ್ಟದ್ದು ಬಹುಪಾಲು ಯರವರು, ಪಣಿಯರು, ಕುರುಬರು, ಹೊಲೆಯರು. ಪಟ್ಟೆಯಲ್ಲಿ ಅವರ ಹೆಸರಿಲ್ಲ. ತೋಟದ ಕೂಲಿಯವರ ಲೈನ್‌ಮನೆಯಿಂದ ಹೊರಬಂದರೆ ಕಾಲಿಡಲು ಸ್ವಂತದ್ದೆಂಬ ಜಾಗವಿಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಇಂಥ ನೂರಾರು ಕುಟುಂಬಗಳನ್ನು ಎಬ್ಬಿಸಿದಾಗ ವಾದವಿದ್ದದ್ದು ಅದೇ ಹಳೆಯ ಗೆರೆಯ ಮೇಲೆ: ಅರಣ್ಯ ಇಲಾಖೆಗೆ ಅದು ಮೀಸಲು ಅರಣ್ಯ, ಕುಳಿತವರಿಗೆ ಪೈಸಾರಿ, ಅಂದರೆ ಸರ್ಕಾರದ ಖಾಲಿ ಭೂಮಿ. ಕೊನೆಗೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಕಟ್ಟಿಕೊಟ್ಟರು.