ಕಮೋಡ್, ವಾಶ್‌ಬೇಸಿನ್ ಬದಲಾಯಿಸಲು ಎಷ್ಟು ಖರ್ಚಾಗುತ್ತದೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಹದಿನೈದು ವರ್ಷ ಹಳೆಯ ಫ್ಲ್ಯಾಟ್. ಕಮೋಡ್ ಮತ್ತು ವಾಶ್‌ಬೇಸಿನ್ ಎರಡನ್ನೂ ಬದಲಾಯಿಸಬೇಕಾಗಿದೆ. ಒಬ್ಬ ಪ್ಲಂಬರ್ 15 ಸಾವಿರ ಸಾಕು ಎನ್ನುತ್ತಾನೆ, ಇನ್ನೊಬ್ಬ 60 ಸಾವಿರ ಕೇಳುತ್ತಾನೆ. ಯಾರನ್ನು ನಂಬುವುದು?

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ಮೊದಲಿನವನು ಹಳೆಯದನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಕೂರಿಸುವ ಲೆಕ್ಕ ಹೇಳಿದ್ದಾನೆ. ಎರಡನೆಯವನು ನೆಲ ಒಡೆಯುವ ಲೆಕ್ಕ ಹಾಕಿದ್ದಾನೆ. ಪಿಂಗಾಣಿಯ ಬೆಲೆ ಅಂಗಡಿಯಲ್ಲಿ ಕಣ್ಣಿಗೆ ಕಾಣುತ್ತದೆ. ಜೇಬು ಖಾಲಿ ಮಾಡುವುದು ಟೈಲ್ಸ್ ಕೆಳಗಿನ ಕೆಲಸ.

ಜಾಗ ಬದಲಾಗದಿದ್ದರೆ ಲೆಕ್ಕ ಸರಳ. ಟ್ಯಾಂಕ್ ಸಮೇತ ಮಧ್ಯಮ ದರ್ಜೆಯ ಕಮೋಡ್‌ಗೆ ಸುಮಾರು 7ರಿಂದ 15 ಸಾವಿರ, ಬೇಸಿನ್‌ಗೆ ಒಂದೂವರೆಯಿಂದ 4 ಸಾವಿರ, ನಲ್ಲಿಗೆ ಒಂದರಿಂದ ಎರಡೂವರೆ ಸಾವಿರ. ಎರಡನ್ನೂ ಕೂರಿಸುವ ಕೂಲಿ 2ರಿಂದ 4 ಸಾವಿರ. ಜನ ಮರೆಯುವುದು ಚಿಲ್ಲರೆ ಸಾಮಾನನ್ನು: ಆ್ಯಂಗಲ್ ಕಾಕ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಪುಟ್ಟ ನಲ್ಲಿ), ಕನೆಕ್ಷನ್ ಪೈಪು, ಬೇಸಿನ್ನಿನ ತೂತಿಗೆ ಕೂರುವ ವೇಸ್ಟ್ ಕಪ್ಲಿಂಗ್, ಅದರ ಕೆಳಗೆ ವಾಸನೆ ತಡೆಯುವ ಬಾಟಲ್ ಟ್ರ್ಯಾಪ್, ಬಿಳಿ ಸಿಮೆಂಟ್. ಇವೇ ಒಂದೂವರೆಯಿಂದ ಎರಡೂವರೆ ಸಾವಿರ ನುಂಗುತ್ತವೆ. ಹಳೆಯ ಆ್ಯಂಗಲ್ ಕಾಕ್‌ಗಳನ್ನು ಉಳಿಸಿಕೊಳ್ಳುವ ಆಸೆ ಬೇಡ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಅವು ತಿರುಗುವುದೇ ಇಲ್ಲ, ಬಲವಂತ ಮಾಡಿದರೆ ಗೋಡೆಯೊಳಗೇ ಮುರಿಯುತ್ತವೆ. ಎಲ್ಲ ಕೂಡಿದರೆ 13ರಿಂದ 28 ಸಾವಿರ. ಊರು, ಬ್ರ್ಯಾಂಡು, ಚೌಕಾಸಿಗೆ ತಕ್ಕಂತೆ ಇದು ಹಿಂದುಮುಂದಾಗುತ್ತದೆ. ಗುಜರಾತಿನ ಥಾನ್‌ಗಢ ಕಡೆಯಿಂದ ಬರುವ, ಹೆಚ್ಚು ಹೆಸರಿಲ್ಲದ ಸಾಮಾನು ಇನ್ನೂ ಅಗ್ಗ. ಪಿಂಗಾಣಿ ಅಲ್ಲಿಯದಾದರೆ ನಷ್ಟವಿಲ್ಲ, ಆದರೆ ಟ್ಯಾಂಕಿನೊಳಗಿನ ಫ್ಲಶ್ ಭಾಗಗಳು ನಾಳೆ ನಿಮ್ಮೂರಿನಲ್ಲಿ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿಕೊಳ್ಳಿ.

ಅಂಗಡಿಗೆ ಹೋಗುವ ಮುನ್ನ ಒಂದು ಅಳತೆ ಬೇಕೇ ಬೇಕು. ಮಲದ ನೀರು ನೆಲದೊಳಗೆ ಇಳಿಯುವುದು ಎಸ್-ಟ್ರ್ಯಾಪ್, ಹಿಂದಿನ ಗೋಡೆಗೆ ಹೋಗುವುದು ಪಿ-ಟ್ರ್ಯಾಪ್. ಎಸ್-ಟ್ರ್ಯಾಪ್ ಆಗಿದ್ದರೆ ಟೈಲ್ಸ್ ಅಂಟಿಸಿದ ಗೋಡೆಯಿಂದ ನೆಲದ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಎಂಬುದು ಮುಖ್ಯ. ಸಾಮಾನ್ಯವಾಗಿ ಅದು 9 ಅಥವಾ 12 ಇಂಚು. 9 ಇಂಚಿನ ಪೈಪಿಗೆ 12 ಇಂಚಿನ ಕಮೋಡ್ ತಂದರೆ ಟ್ಯಾಂಕ್ ಗೋಡೆಗೆ ತಾಗಿ ಕೂರುವುದೇ ಇಲ್ಲ. ಅದಲುಬದಲಾದರೆ ಹಿಂದೆ 3 ಇಂಚು ಸಂದಿ ಉಳಿದು ಜಿರಳೆಗಳಿಗೆ ಮನೆಯಾಗುತ್ತದೆ. ಹಳೆಯ ಕಮೋಡ್ ಕೂತಿರುವಾಗ ತೂತು ಕಾಣದಿರುವುದರಿಂದ ಪ್ಲಂಬರ್‌ನನ್ನು ಕರೆಸಿಯೇ ಅಳೆಸಿ. ಅಥವಾ ನಿಮ್ಮದೇ ನಕ್ಷೆಯ ಮೇಲಿನ ಫ್ಲ್ಯಾಟಿನವರು ಈಗಾಗಲೇ ಬದಲಾಯಿಸಿದ್ದರೆ ಅವರನ್ನು ಕೇಳಿ.

ಇನ್ನು 60 ಸಾವಿರದ ಕಥೆ. ಭಾರತೀಯ ಶೈಲಿಯ ಪ್ಯಾನ್ ತೆಗೆದು ಕಮೋಡ್ ಹಾಕುವುದಾದರೆ ಪೈಪಿನ ಜಾಗವೇ ಬದಲಾಗುತ್ತದೆ. ನೆಲ ಅಗೆಯಬೇಕು, ವಾಟರ್‌ಪ್ರೂಫಿಂಗ್ ಮತ್ತೆ ಮಾಡಬೇಕು, ಟೈಲ್ಸ್ ಹಾಕಬೇಕು; ಹದಿನೈದು ವರ್ಷ ಹಳೆಯ ಟೈಲ್ಸ್‌ಗೆ ಜೊತೆ ಸಿಗದೆ ಇಡೀ ನೆಲವೇ ಹೊಸದಾಗುತ್ತದೆ. ವಾಟರ್‌ಪ್ರೂಫಿಂಗ್‌ನಲ್ಲಿ ಮಾತ್ರ ಹಣ ಉಳಿಸಬೇಡಿ. ಕೆಳಮನೆಯ ಸೀಲಿಂಗ್‌ನಲ್ಲಿ ಒದ್ದೆ ಕಂಡ ದಿನ ಸಂಘದ ಸಭೆಯಲ್ಲಿ ಕೂರುವುದು ನೀವೇ. ಗೋಡೆಗೆ ತೂಗುವ ಕಮೋಡ್ ಚೆಂದವೇನೋ ಹೌದು, ಅದರ ಕೆಳಗೆ ಗುಡಿಸುವುದೂ ಸುಲಭ. ಆದರೆ ಅದಕ್ಕೆ ಗೋಡೆಯೊಳಗೆ ಅಡಗುವ ಟ್ಯಾಂಕ್, ಭಾರ ಹೊರುವ ಚೌಕಟ್ಟು, ಹೊಸ ಟೈಲ್ಸ್ ಎಲ್ಲ ಬೇಕು. ಇಡೀ ಬಾತ್‌ರೂಮ್ ಒಡೆಯುವ ಯೋಜನೆ ಇಲ್ಲದಿದ್ದರೆ ನನ್ನ ಮತ ಬೇಡ ಎಂದೇ.

ನಿಜಕ್ಕೂ ಬದಲಾಯಿಸಬೇಕೇ ಎಂಬುದನ್ನೂ ನೋಡಿ. ಬುಡದಲ್ಲಿ ಬಿರುಕಿದ್ದರೆ ಬೇರೆ ದಾರಿ ಇಲ್ಲ. ಟ್ಯಾಂಕ್ ಸದಾ ಸೋರುತ್ತಿದ್ದರೆ ಮಾತ್ರ, ಬೀಟ್‌ರೂಟ್ ಬೇಯಿಸಿದ ನೀರನ್ನು ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ಒಳಗೆ ಕೆಂಪು ಇಳಿದಿದ್ದರೆ ಫ್ಲಶ್ ವಾಲ್ವ್ ಕೆಟ್ಟಿದೆ ಎಂದರ್ಥ. ಅದಕ್ಕೆ ಸಾವಿರದ ಆಸುಪಾಸು ಸಾಕು.

ಕೆಲಸ ಒಪ್ಪಿಸುವಾಗ ಹಳೆಯ ಪಿಂಗಾಣಿ, ಕಲ್ಲುಮಣ್ಣು ಸಾಗಿಸುವುದು ಕೂಲಿಯಲ್ಲಿ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಬೆಳಗಿನ ಕಸದ ಆಟೋ ಅದನ್ನು ಒಯ್ಯುವುದಿಲ್ಲ. ಸಿಮೆಂಟ್ ಗಟ್ಟಿಯಾಗುವ ತನಕ, ಅಂದರೆ ಮರುದಿನದವರೆಗೆ, ಹೊಸ ಕಮೋಡ್ ಬಳಸುವಂತಿಲ್ಲ. ಮನೆಯಲ್ಲಿ ಒಂದೇ ಶೌಚಾಲಯವಿದ್ದರೆ ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.